ದಿಂಬಿನ ಪಕ್ಕದ ಪ್ಲಗ್ಗು

ಪುಷ್ಯ ಮಳೆ ಹಿಡಿಯಿತೆಂದರೆ ಸಕಲೇಶಪುರ, ಆಲೂರು ಗುಡ್ಡಗಳ ಹಳ್ಳಿಗಳಲ್ಲಿ ಕರೆಂಟನ್ನು ನಂಬುವವರು ಕಡಿಮೆ. ತೋಟದ ನೆರಳಿನ ಮರವೊಂದು ಲೈನಿನ ಮೇಲೆ ಉರುಳಿದರೆ ಸಾಕು, ಲೈನ್‌ಮ್ಯಾನ್ ಬಂದು ಮರ ಕಡಿಸಿ ತಂತಿ ಎಳೆದು ಕಟ್ಟುವವರೆಗೆ ಊರಿಗೆ ಊರೇ ಕತ್ತಲು. ಹೆಗ್ಗದ್ದೆಯಂಥ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸದಲ್ಲ. ಟಾರ್ಚು ಇರುವ ಜಾಗ ಕಣ್ಣು ಮುಚ್ಚಿಕೊಂಡೇ ಗೊತ್ತು. ಫೋನಿನ ಚಾರ್ಜು ಮುಗಿಯುತ್ತ ಬಂದರೆ ಅಂಗಳದಲ್ಲಿ ನಿಂತ ಜೀಪಿನ ಬ್ಯಾಟರಿಯನ್ನು ಆಶ್ರಯಿಸುವುದೂ ಗೊತ್ತು.

ಈಗ ಅದೇ ಊರಿಗೆ ಒಂದು ಕುಟುಂಬ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಇಟ್ಟುಕೊಂಡ ವ್ಯಾನಿನಲ್ಲಿ ಬಂದಿದೆ ಎಂದಿಟ್ಟುಕೊಳ್ಳಿ. ಸಿನಿಮಾದವರ ಕ್ಯಾರವಾನನ್ನಷ್ಟೇ ನೋಡಿದ್ದ ನಮ್ಮ ಜನ ಈಗ ಪ್ರವಾಸಕ್ಕೂ ಇಂಥ ಬಂಡಿಗಳನ್ನು ಬಾಡಿಗೆಗೆ ಪಡೆಯುತ್ತಿದ್ದಾರೆ. ಕೆಲವರು ಸ್ವಂತ ವ್ಯಾನನ್ನೇ ಹಾಗೆ ಮಾರ್ಪಡಿಸಿಕೊಳ್ಳುತ್ತಾರೆ. ನೆರೆಯ ಕೇರಳದಲ್ಲಿ 2021ರಲ್ಲಿ ಸರ್ಕಾರವೇ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿತು. ವ್ಯಾನು ಪರಿಚಯದವರ ಕಾಫಿ ಕಣದ ಮೂಲೆಯಲ್ಲಿ ನಿಂತಿದೆ. ಅಪ್ಪ, ಅಮ್ಮ, ಎಸ್ಸೆಸ್ಸೆಲ್ಸಿ ಓದುವ ಮಗಳು, ಆರನೆಯ ತರಗತಿಯ ಮಗ. ನಾಲ್ವರಿಗೂ ಸೇರಿ ಇರುವುದು ಡ್ರೈವರ್ ಸೀಟಿನ ಬಳಿಯ ಒಂದೇ ಸಾಕೆಟ್. ಹಾಸಿಗೆಯೋ ಹಿಂಬದಿಯಲ್ಲಿ. ಹೀಗಾಗಿ ಮುಂದಿನ ಸಾಕೆಟ್ಟಿನಿಂದ ಹಿಂದಿನ ಹಾಸಿಗೆಯವರೆಗೆ ಕಾಲಿಗೆ ತೊಡರುವ ಒಂದು ಉದ್ದದ ವೈರು. ಮರುದಿನವೇ ಮನೆಯಲ್ಲಿ ತೀರ್ಮಾನವಾಗುತ್ತದೆ: ಹಾಸಿಗೆಯ ಪಕ್ಕ ಎರಡು ಚಾರ್ಜಿಂಗ್ ಸಾಕೆಟ್ ಹಾಕಿಸಿಬಿಡೋಣ, ಏನು ಮಹಾ ಕೆಲಸ!

ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಈ ಗುಡ್ಡಗಳಲ್ಲಿ ರಾತ್ರಿ ಫೋನು ಸತ್ತುಹೋಗುವುದು ಬರೀ ಬೇಸರದ ಸಂಗತಿಯಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿನ ಹೆದ್ದಾರಿ ಬಂದ್ ಆದದ್ದು ಅನೇಕರಿಗೆ ನೆನಪಿರಬಹುದು. ಕಾಡಾನೆಗಳ ಓಡಾಟದ ಮುನ್ನೆಚ್ಚರಿಕೆಯನ್ನು ಹಾಸನ ಜಿಲ್ಲೆಯ ಜನರಿಗೆ ಮೊಬೈಲಿನ ಮೂಲಕ ತಲುಪಿಸುವ ಏರ್ಪಾಡೂ ಇದೆ. ಹೀಗಿರುವಾಗ ಫೋನು ಕೈಗೆಟುಕುವಲ್ಲಿರಬೇಕು, ಚಾರ್ಜೂ ಇರಬೇಕು ಎನ್ನುವುದು ನ್ಯಾಯವೇ.

ಆದರೆ ಈ ಸಾಕೆಟ್ಟಿಗೂ ಅಡುಗೆಮನೆಯ ಸಾಕೆಟ್ಟಿಗೂ ಒಂದು ವ್ಯತ್ಯಾಸವಿದೆ. ಅಡುಗೆಮನೆಯಲ್ಲಿ ವೈರು ಬಿಸಿಯಾದರೆ ಯಾರೋ ಒಬ್ಬರು ವಾಸನೆ ಹಿಡಿಯುತ್ತಾರೆ. ಹಾಸಿಗೆಯ ಪಕ್ಕದ ಸಾಕೆಟ್ಟು ಕೆಲಸ ಮಾಡುವುದೇ ಎಲ್ಲರೂ ನಿದ್ದೆಯಲ್ಲಿರುವಾಗ. ಕಾಯುವ ಕೆಲಸವನ್ನು ಕಣ್ಣು ಮೂಗುಗಳಿಗೆ ಬಿಡುವಂತಿಲ್ಲ. ಅದನ್ನು ತಂತಿಗೆ, ಫ್ಯೂಸಿಗೆ ಮೊದಲೇ ಒಪ್ಪಿಸಿರಬೇಕು.

ಹನ್ನೆರಡು ವೋಲ್ಟಿನ ಸಾಧು ಮುಖ

ವ್ಯಾನಿನ ಬ್ಯಾಟರಿ 12 ವೋಲ್ಟಿನದು. ಸೀಸ-ಆಮ್ಲದ ಬ್ಯಾಟರಿಯಾದರೆ ಅದರೊಳಗೆ ಸುಮಾರು 2.1 ವೋಲ್ಟಿನ ಆರು ಕೋಶಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ 12.6ರಿಂದ 12.7 ವೋಲ್ಟ್ ತೋರುತ್ತದೆ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಅದನ್ನು 14 ವೋಲ್ಟಿನ ಆಸುಪಾಸಿಗೆ ಏರಿಸಿ ಚಾರ್ಜ್ ಮಾಡುತ್ತದೆ. ದೊಡ್ಡ ಬಸ್ಸು, ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ವ್ಯವಸ್ಥೆ. ಹಳೆಯ ಬಸ್ಸನ್ನು ಕ್ಯಾರವಾನ್ ಮಾಡಿಸುವವರು ಇದನ್ನು ಮರೆಯಬಾರದು.

12 ವೋಲ್ಟಿನ ಬ್ಯಾಟರಿಯ ಎರಡು ತುದಿಗಳನ್ನು ಒಣಗಿದ ಕೈಗಳಿಂದ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಚರ್ಮದ ರೋಧವನ್ನು ದಾಟಿ ದೇಹದೊಳಗೆ ಅಪಾಯಕರ ಪ್ರವಾಹ ಹರಿಸುವಷ್ಟು ವಿಭವಾಂತರ ಅಲ್ಲಿಲ್ಲ. ಇದೇ ಕಾರಣಕ್ಕೆ ಅನೇಕರು 'ಹನ್ನೆರಡು ವೋಲ್ಟ್ ತಾನೇ, ಏನಾಗುತ್ತೆ?' ಎಂದು ಸಿಕ್ಕಿದ ತಂತಿಯಲ್ಲಿ ಕೆಲಸ ಮುಗಿಸಿಬಿಡುತ್ತಾರೆ. ಅರ್ಧ ಸತ್ಯದಿಂದ ಹುಟ್ಟಿದ ಧೈರ್ಯ ಇದು. ಶಾಕಿನ ಮಟ್ಟಿಗೆ 12 ವೋಲ್ಟು ಸಾಧು. ಬೆಂಕಿಯ ಮಟ್ಟಿಗೆ ಅಲ್ಲ.

ಏಕೆಂದು ತಿಳಿಯಲು ಹತ್ತನೆಯ ತರಗತಿಯ ಪುಸ್ತಕದ ಎರಡು ನಿಯಮಗಳು ಸಾಕು. ಸಾಮರ್ಥ್ಯವೆಂದರೆ ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧ. ಒಂದು ಲ್ಯಾಪ್‌ಟಾಪು 60 ವ್ಯಾಟ್, ಬೇಗ ಚಾರ್ಜಾಗುವ ಎರಡು ಫೋನುಗಳು ತಲಾ 25 ವ್ಯಾಟ್ ಕೇಳುತ್ತವೆ ಎನ್ನಿ. ನಡುವಿನ ನಷ್ಟವನ್ನೂ ಸೇರಿಸಿದರೆ ಸುಮಾರು 120 ವ್ಯಾಟ್. ಮನೆಯ 230 ವೋಲ್ಟಿನಲ್ಲಿ ಇದಕ್ಕೆ ಬೇಕಾದ ಪ್ರವಾಹ ಅರ್ಧ ಆಂಪಿಯರ್ ಮಾತ್ರ. ವ್ಯಾನಿನ 12 ವೋಲ್ಟಿನಲ್ಲಿ ಅದೇ ಕೆಲಸಕ್ಕೆ 10 ಆಂಪಿಯರ್ ಹರಿಯಬೇಕು. ಇನ್ನು ಜೂಲ್‌ನ ನಿಯಮದ ಪ್ರಕಾರ ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಇಪ್ಪತ್ತು ಪಟ್ಟಾದರೆ ಅದೇ ತಂತಿಯಲ್ಲಿ ಶಾಖ ನಾನೂರು ಪಟ್ಟು!

ಲೆಕ್ಕವನ್ನು ಇನ್ನೂ ಹತ್ತಿರದಿಂದ ನೋಡಬಹುದು. ಬ್ಯಾಟರಿಯಿಂದ ಹಾಸಿಗೆಗೆ 5 ಮೀಟರ್ ದೂರ. ಪ್ರವಾಹ ಹೋಗಿ ಮರಳಿ ಬರಬೇಕಾದ್ದರಿಂದ ತಂತಿಯ ಒಟ್ಟು ಉದ್ದ 10 ಮೀಟರ್. ಹೋಗುವ ದಾರಿಯನ್ನಷ್ಟೇ ಲೆಕ್ಕ ಹಾಕಿ ಬರುವ ದಾರಿಯನ್ನು ಮರೆಯುವುದು ಇಲ್ಲಿ ಬಹಳ ಸಾಮಾನ್ಯವಾದ ತಪ್ಪು. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ 0.0172 ಓಮ್ ರೋಧ. 10 ಮೀಟರಿಗೆ 0.172 ಓಮ್. 10 ಆಂಪಿಯರ್ ಹರಿದರೆ ತಂತಿಯಲ್ಲೇ 1.7 ವೋಲ್ಟ್ ಕರಗಿಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಈ 1.7 ವೋಲ್ಟ್ ಲೆಕ್ಕಕ್ಕೇ ಇಲ್ಲ. 12.5 ವೋಲ್ಟಿನ ಬ್ಯಾಟರಿಯಲ್ಲಿ ಮಾತ್ರ ಏಳನೆಯ ಒಂದು ಪಾಲಿಗೆ ಹತ್ತಿರ. ಸಾಕೆಟ್ಟಿಗೆ ತಲುಪುವುದು 10.8 ವೋಲ್ಟ್ ಅಷ್ಟೆ.

ಇಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಹಳೆಯ ಕಾಲದ ಬಲ್ಬಿಗೆ ವೋಲ್ಟೇಜ್ ಕಡಿಮೆಯಾದರೆ ಅದು ಮಂಕಾಗಿ ಉರಿದು ಪ್ರವಾಹವನ್ನೂ ಕಡಿಮೆ ಎಳೆಯುತ್ತಿತ್ತು. ಇಂದಿನ ಚಾರ್ಜಿಂಗ್ ಸಾಕೆಟ್ಟಿನೊಳಗಿನ ವಿದ್ಯುನ್ಮಾನ ಮಂಡಲ ಹಾಗಲ್ಲ. ಫೋನಿಗೆ ಕೊಡಬೇಕಾದ ವ್ಯಾಟುಗಳನ್ನು ಹೇಗಾದರೂ ಕೊಟ್ಟೇ ತೀರುವುದು ಅದರ ಸ್ವಭಾವ. ವೋಲ್ಟೇಜ್ ಇಳಿದರೆ ಪ್ರವಾಹವನ್ನು ಹೆಚ್ಚು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ತಂತಿಯಲ್ಲಿ ನಷ್ಟ ಹೆಚ್ಚು, ವೋಲ್ಟೇಜ್ ಮತ್ತೂ ಇಳಿಯುತ್ತದೆ. ಕೊನೆಗೆ ಸಾಕೆಟ್ಟು ಆರಿ, ಹೊತ್ತಿ, ಆರಿ, ಹೊತ್ತಿ ಕಣ್ಣುಮುಚ್ಚಾಲೆ ಆಡುತ್ತದೆ. 'ಸಾಕೆಟ್ಟೇ ಸರಿಯಿಲ್ಲ' ಎಂದು ಅಂಗಡಿಗೆ ಹಿಂತಿರುಗಿಸುವವರು ಉಂಟು. ತಪ್ಪು ತಂತಿಯದು.

ಪರಿಹಾರ ಸರಳ. 4 ಚದರ ಮಿಲಿಮೀಟರಿನ ತಂತಿ ಹಾಕಿದರೆ ರೋಧ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಅದೇ 10 ಆಂಪಿಯರಿಗೆ ನಷ್ಟ 0.43 ವೋಲ್ಟ್. ಖರ್ಚು ಸ್ವಲ್ಪ ಹೆಚ್ಚು, ನಿಜ. ಆದರೆ ಸಾಕೆಟ್ಟಿಗೆ ಕೊಡುವ ಹಣದಲ್ಲಿ ಉಳಿಸಿ ತಂತಿಗೆ ಹಾಕುವುದೇ ಜಾಣತನ. ಮನೆಯ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಇಲ್ಲಿ ಬೇಡ. ಬಿಸಿಲೆ ಘಾಟಿಯ ರಸ್ತೆಯಲ್ಲಿ ಒಮ್ಮೆ ಹೋಗಿಬಂದ ಬಂಡಿಯ ನಡುಕ ಎಷ್ಟೆಂದು ಹೇಳಬೇಕಾಗಿಲ್ಲ. ತಂತಿಯ ತುಂಡನ್ನು ಹಿಂದೆ ಮುಂದೆ ಬಾಗಿಸುತ್ತ ಹೋದರೆ ತುಂಡಾಗುವಂತೆ ಗಟ್ಟಿ ತಂತಿಯೂ ವರ್ಷ ಕಳೆಯುವುದರೊಳಗೆ ಒಳಗೊಳಗೇ ಮುರಿಯಬಹುದು. ಸಣ್ಣ ಎಳೆಗಳನ್ನು ಹೆಣೆದ, ಬಳುಕುವ ವಾಹನದ ವೈರೇ ಬೇಕು.

ಒಂದು ಗೇಣಿನೊಳಗೆ ಫ್ಯೂಸು

ಇಷ್ಟು ಹೊತ್ತು ನೋಡಿದ್ದು ಎಲ್ಲವೂ ಸರಿಯಾಗಿರುವಾಗಿನ ಲೆಕ್ಕ. ಈಗ ಕೆಟ್ಟದ್ದನ್ನು ಯೋಚಿಸಬೇಕು. ವೈರು ತಗಡಿನ ತೂತೊಂದರ ಮೂಲಕ ಹಾದುಹೋಗಿದೆ. ನಡುಕಕ್ಕೆ ತಗಡಿನ ಅಂಚು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ದಿನವೂ ಒಂದಿಷ್ಟು ಕೆರೆಯುತ್ತದೆ. ಅಥವಾ ತೋಟದ ಇಲಿಯೊಂದು ಒಳಗೆ ಸೇರಿ ಹಲ್ಲು ಮಸೆಯುತ್ತದೆ. ಒಂದು ರಾತ್ರಿ ಒಳಗಿನ ತಾಮ್ರ ವಾಹನದ ಲೋಹದ ಮೈಗೆ ತಾಗುತ್ತದೆ. ವಾಹನದ ಮೈಯೇ ಬ್ಯಾಟರಿಯ ಋಣ ತುದಿಗೆ ಸೇರಿರುವುದರಿಂದ ಅದು ಶಾರ್ಟ್ ಸರ್ಕ್ಯೂಟ್.

100 ಆಂಪಿಯರ್-ಗಂಟೆಯ ಬ್ಯಾಟರಿಯ ಆಂತರಿಕ ರೋಧ ಓಮಿನ ಸಾವಿರದಲ್ಲಿ ಕೆಲವೇ ಪಾಲು. ಅದನ್ನು 0.005 ಓಮ್ ಎಂದು ಹಿಡಿಯೋಣ. ತೆಳ್ಳನೆಯ 1 ಚದರ ಮಿಲಿಮೀಟರಿನ ತಂತಿಯ 10 ಮೀಟರೂ ದಾಟಿ, ಸಾಕೆಟ್ಟಿನ ಬಳಿಯೇ ಎರಡು ತಂತಿಗಳು ಒಂದನ್ನೊಂದು ತಾಗಿದವು ಎಂದುಕೊಂಡರೂ 12.5 ವೋಲ್ಟನ್ನು 0.177 ಓಮಿನಿಂದ ಭಾಗಿಸಿದರೆ 70 ಆಂಪಿಯರ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 850 ವ್ಯಾಟ್. ಒಂದು ಇಸ್ತ್ರಿ ಪೆಟ್ಟಿಗೆಯ ಶಾಖ ಅದು. ಇಸ್ತ್ರಿ ಪೆಟ್ಟಿಗೆಗೆ ಕಾಲಕಾಲಕ್ಕೆ ತಾನೇ ಆರುವ ಥರ್ಮೋಸ್ಟಾಟ್ ಇದೆ. ಪ್ಲೈವುಡ್ ಹಲಗೆಯ ಹಿಂದೆ, ಫೋಮ್ ಹಾಸಿಗೆಯ ಅಡಿಯಲ್ಲಿ ಸಾಗುವ ತಂತಿಗೆ ಯಾವುದೂ ಇಲ್ಲ. ಬ್ಯಾಟರಿ ಖಾಲಿಯಾಗುವವರೆಗೆ, ಇಲ್ಲವೇ ತಂತಿ ಕರಗಿ ತುಂಡಾಗುವವರೆಗೆ ಅದು ಕಾಯುತ್ತಲೇ ಇರುತ್ತದೆ.

ಇದನ್ನು ತಡೆಯುವುದು ಕೆಲವೇ ರೂಪಾಯಿಯ ಫ್ಯೂಸು. ಆದರೆ ಅದನ್ನು ಎಲ್ಲಿ ಹಾಕಬೇಕು ಎನ್ನುವುದು ಫ್ಯೂಸಿನಷ್ಟೇ ಮುಖ್ಯ. ಸಾಕೆಟ್ಟಿನ ಹಿಂದೆ, ಕೈಗೆ ಸುಲಭವಾಗಿ ಸಿಗಲಿ ಎಂದು ಹಾಕುವವರಿದ್ದಾರೆ. ಹಾಗೆ ಹಾಕಿದರೆ ಬ್ಯಾಟರಿಯಿಂದ ಫ್ಯೂಸಿನವರೆಗಿನ 5 ಮೀಟರ್ ತಂತಿಗೆ ರಕ್ಷಣೆಯೇ ಇಲ್ಲ. ಇಲಿ ಕಚ್ಚುವುದು ಆ ಭಾಗವನ್ನೇ ಇರಬಹುದು. ಫ್ಯೂಸು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಕಾಲುವೆಯ ತೂಬು ಕೆರೆಯ ಏರಿಯಲ್ಲಿರುತ್ತದೆಯೇ ಹೊರತು ಗದ್ದೆಯ ಬದುವಿನಲ್ಲಿರುವುದಿಲ್ಲವಷ್ಟೆ.

ಫ್ಯೂಸು ಇರುವುದು ಫೋನನ್ನು ಕಾಪಾಡಲು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ಆದ್ದರಿಂದ ಅದರ ಅಳತೆಯನ್ನು ತಂತಿ ತಾಳಬಲ್ಲ ಪ್ರವಾಹಕ್ಕಿಂತ ಕಡಿಮೆ, ಸಾಮಾನ್ಯ ಬಳಕೆಗಿಂತ ಸ್ವಲ್ಪ ಹೆಚ್ಚು ಇರುವಂತೆ ಆರಿಸಬೇಕು. ಮೇಲಿನ ಲೆಕ್ಕದ 10 ಆಂಪಿಯರ್ ಬಳಕೆಗೆ, 4 ಚದರ ಮಿಲಿಮೀಟರ್ ತಂತಿಗೆ 15 ಆಂಪಿಯರಿನ ಫ್ಯೂಸು ಒಪ್ಪುತ್ತದೆ. ವಾಹನಗಳ ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ನೀಲಿ ಪದೇಪದೇ ಹೋಗುತ್ತದೆಂದು ಹಸಿರು ತುರುಕುವುದು, ಅಥವಾ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ನಮ್ಮಲ್ಲಿ ಅಪರೂಪವೇನಲ್ಲ. ಫ್ಯೂಸು ಹೋಗುವುದು ಕಾಯಿಲೆಯಲ್ಲ, ಅದು ಜ್ವರ. ಎಲ್ಲಿ ನಂಜಾಗಿದೆ ಎಂದು ಹುಡುಕಬೇಕು.

ಫ್ಯೂಸಿನ ಕೆಲಸವನ್ನು ಕಣ್ಣಾರೆ ನೋಡಬಯಸುವ ವಿದ್ಯಾರ್ಥಿಗಳು ಪಾತ್ರೆ ತಿಕ್ಕುವ ಉಕ್ಕಿನ ಜುಂಗಿನಿಂದ, ಅಂದರೆ ಕೂದಲಿನಷ್ಟು ನಯವಾದ ಎಳೆಗಳಿರುವ ಜಾತಿಯದರಿಂದ, ಒಂದೇ ಒಂದು ಎಳೆಯನ್ನು ಬಿಡಿಸಿ ಸ್ಟೀಲಿನ ತಟ್ಟೆಯ ಮೇಲೆ ಒಂದು ಒಣ ಹೆಂಚಿನ ಚೂರಿಟ್ಟು ಅದರ ಮೇಲೆ ಇಡಲಿ. ಎರಡು ಪೆನ್ಸಿಲ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿ, ವೈರಿನ ಎರಡು ತುದಿಗಳನ್ನು ಎಳೆಯ ಎರಡು ಕಡೆ ಕ್ಷಣಕಾಲ ತಾಗಿಸಿದರೆ ಎಳೆ ಕೆಂಪಾಗಿ ತುಂಡಾಗುತ್ತದೆ. ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಸುತ್ತ ಕಾಗದ, ಬಟ್ಟೆ ಇರಕೂಡದು. ಎಳೆ ಒಂದೇ ಇರಬೇಕು. ಜುಂಗಿನ ಮುದ್ದೆಯನ್ನು ಮುಟ್ಟಿಸಿದರೆ ಅದು ಹೊತ್ತಿಕೊಳ್ಳುತ್ತದೆ. ವಾಹನದ ಬ್ಯಾಟರಿಯಿಂದಂತೂ ಇದನ್ನು ಎಂದೂ ಮಾಡಬಾರದು.

ರೈಲಿನವರ ಅನುಭವ

ಚಲಿಸುವ ಮಲಗುಕೋಣೆಗೆ ವಿದ್ಯುತ್ ಒದಗಿಸುವ ಸಮಸ್ಯೆ ಕ್ಯಾರವಾನಿನವರಿಗೆ ಮೊದಲು ಬಂದದ್ದಲ್ಲ. ಸಕಲೇಶಪುರ ನಿಲ್ದಾಣದಲ್ಲಿ ನಡುರಾತ್ರಿ ಬಂದು ನಿಂತು, ಘಾಟಿ ಇಳಿದು ಕರಾವಳಿಗೆ ಹೋಗುವ ರೈಲಿನ ಸ್ಲೀಪರ್ ಬೋಗಿಯೂ ಅದೇ. ಹಳೆಯ ಮಾದರಿಯ ಬೋಗಿಗಳ ಅಡಿಯಲ್ಲಿ ಚಕ್ರದ ಅಚ್ಚಿನಿಂದ ಬೆಲ್ಟು ಹಾಕಿ ತಿರುಗಿಸುವ ಆಲ್ಟರ್ನೇಟರ್ ಇತ್ತು. ಅದು 110 ವೋಲ್ಟಿನ ಬ್ಯಾಟರಿಗಳನ್ನು ತುಂಬುತ್ತಿತ್ತು; ರೈಲು ನಿಂತಾಗ ದೀಪ, ಫ್ಯಾನುಗಳಿಗೆ ಬ್ಯಾಟರಿಯೇ ಆಧಾರ. ವ್ಯಾನಿನ ಏರ್ಪಾಡಿಗೆ ಇದು ಅಣ್ಣ.

ಮೊಬೈಲುಗಳು ಬಂದ ಮೇಲೆ ಬೋಗಿಗಳಲ್ಲಿ ಚಾರ್ಜಿಂಗ್ ಸಾಕೆಟ್ಟುಗಳೂ ಬಂದವು. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್ಸಿನ ಹವಾನಿಯಂತ್ರಿತ ಬೋಗಿಯೊಂದಕ್ಕೆ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಬೆಂಕಿ ಬಿದ್ದು 26 ಮಂದಿ ಸತ್ತರು. ಸತ್ತವರು ನಿದ್ದೆಯಲ್ಲಿದ್ದ ಪ್ರಯಾಣಿಕರು. ಆ ದುರಂತದ ನಂತರ ರೈಲ್ವೆ ಸುರಕ್ಷತಾ ಆಯುಕ್ತರಿಂದ ಬಂದ ಶಿಫಾರಸುಗಳಲ್ಲಿ ಒಂದು ಗಮನಾರ್ಹವಾದದ್ದು: ರಾತ್ರಿ 11ರಿಂದ ಬೆಳಗಿನ 5 ಗಂಟೆಯವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟುಗಳಿಗೆ ವಿದ್ಯುತ್ ಇರಬಾರದು. 2021ರಲ್ಲಿ ಪಶ್ಚಿಮ ರೈಲ್ವೆ ಇದನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲು ಹೊರಟಾಗ ಪ್ರಯಾಣಿಕರಲ್ಲಿ ಗೊಣಗಾಟವೆದ್ದಿತು. ರಾತ್ರಿಯಲ್ಲದೆ ಇನ್ನು ಯಾವಾಗ ಚಾರ್ಜ್ ಮಾಡುವುದು ಎಂಬ ಪ್ರಶ್ನೆ ಸಹಜವೇ. ಆದರೆ ಆಯುಕ್ತರ ತರ್ಕವೂ ಸ್ಪಷ್ಟ: ಕಾಯುವವರು ಎಚ್ಚರವಿಲ್ಲದ ಹೊತ್ತಿನಲ್ಲಿ ಬಿಸಿಯಾಗುವ ವಸ್ತು ಕಡಿಮೆಯಿರಲಿ.

ನಮ್ಮ ರಾಜ್ಯದ ಸಾರಿಗೆ ಸಂಸ್ಥೆ 2023ರ ಅಕ್ಟೋಬರಿನಲ್ಲಿ ರಸ್ತೆಗಿಳಿಸಿದ 'ಪಲ್ಲಕ್ಕಿ' ಸ್ಲೀಪರ್ ಬಸ್ಸುಗಳಲ್ಲಿ ಮಲಗುವ ಜಾಗದಲ್ಲೇ ಫೋನ್ ಚಾರ್ಜ್ ಮಾಡುವ ಅನುಕೂಲವಿದೆ. ಬಸ್ಸು ಕಟ್ಟುವಾಗಲೇ ಯೋಚಿಸಿ ಎಳೆದ ತಂತಿಗೂ, ಕಟ್ಟಿಯಾದ ಮೇಲೆ ಚಾವಣಿಯ ದೀಪದ ವೈರನ್ನು ಸೀಳಿ ಎಳೆದ ತಂತಿಗೂ ಬಹಳ ಅಂತರ. ಎರಡು ಎಲ್ಇಡಿ ದೀಪಗಳಿಗೆಂದು ಹಾಕಿದ ತೆಳ್ಳನೆಯ ವೈರಿಗೆ ಲ್ಯಾಪ್‌ಟಾಪಿನ ಭಾರ ಹೊರಿಸುವುದು ಎಮ್ಮೆಯ ಹಗ್ಗದಿಂದ ಲಾರಿ ಎಳೆದಂತೆ.

ಎಷ್ಟು ಬೇಕು, ಎಲ್ಲಿಂದ ತರುವುದು?

ಇಂದಿನ ಸಾಮಾನ್ಯ ಫೋನಿನ 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ನಷ್ಟ ಸೇರಿಸಿ 25 ಎನ್ನೋಣ. ನಾಲ್ಕು ಫೋನಿಗೆ 100. ಲ್ಯಾಪ್‌ಟಾಪಿಗೆ 70. ರಾತ್ರಿಯಿಡೀ ತಿರುಗುವ 12 ವೋಲ್ಟಿನ ಸಣ್ಣ ಫ್ಯಾನಿಗೆ 120. ಒಟ್ಟು 290 ವ್ಯಾಟ್-ಗಂಟೆ. 100 ಆಂಪಿಯರ್-ಗಂಟೆಯ 12 ವೋಲ್ಟಿನ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಇರುತ್ತದೆ. ಸೀಸ-ಆಮ್ಲದ್ದಾದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಬೇಗ ಕುಗ್ಗುವುದರಿಂದ 600 ಎಂದು ಹಿಡಿಯಬೇಕು. ಎರಡು ರಾತ್ರಿಗೆ ಸಾಕು.

ಆದರೆ ಈ ಬ್ಯಾಟರಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಾಗಿರಬಾರದು. ಸ್ಟಾರ್ಟರ್ ಬ್ಯಾಟರಿಯ ತಗಡುಗಳನ್ನು ಕೆಲವು ಸೆಕೆಂಡು ಭಾರಿ ಪ್ರವಾಹ ಕೊಡುವುದಕ್ಕಾಗಿ ಮಾಡಿರುತ್ತಾರೆ, ರಾತ್ರಿಯಿಡೀ ನಿಧಾನವಾಗಿ ಬರಿದಾಗುವುದಕ್ಕಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದಷ್ಟೇ ಬಂದರೆ ಸಕಲೇಶಪುರದಿಂದ ಮೆಕ್ಯಾನಿಕ್ಕನ್ನು ಕರೆಸಬೇಕು. ಕಾಡಾನೆ ತಿರುಗುವ ತಾವಿನಲ್ಲಿ ಕತ್ತಲೆಯಲ್ಲಿ ಇಳಿದು ವ್ಯಾನು ತಳ್ಳುವ ಮಾತಂತೂ ಇಲ್ಲ. ಮಲಗುವ ಭಾಗಕ್ಕೆ ಬೇರೆ ಬ್ಯಾಟರಿ, ಎಂಜಿನ್ ಓಡುವಾಗ ಮಾತ್ರ ಅದನ್ನು ತುಂಬಿಸಿ ನಿಂತಾಗ ಬೇರ್ಪಡಿಸುವ ರಿಲೇ ಅಥವಾ ಡಿ.ಸಿ.ಯಿಂದ ಡಿ.ಸಿ.ಗೆ ಚಾರ್ಜ್ ಮಾಡುವ ಪೆಟ್ಟಿಗೆ ಇರಬೇಕು. ಹೊಸ ವಾಹನಗಳ ಆಲ್ಟರ್ನೇಟರ್ ಎಂಜಿನ್ ಕಂಪ್ಯೂಟರಿನ ಮಾತು ಕೇಳಿ ವೋಲ್ಟೇಜನ್ನು ಏರಿಳಿಸುವುದರಿಂದ ಈ ಎರಡನೆಯದೇ ವಾಸಿ.

ಎರಡನೆಯ ಬ್ಯಾಟರಿಯನ್ನು ಎಲ್ಲಿಡುವುದು? ಜಾಗ ಉಳಿಯಲೆಂದು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿಡುವುದೇ ಹೆಚ್ಚು. ನೀರು ಹಾಕುವ ಮಾದರಿಯ ಸೀಸ-ಆಮ್ಲ ಬ್ಯಾಟರಿ ಚಾರ್ಜಾಗುವಾಗ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಸ್ವಿಚ್ಚಿನ ಒಂದು ಕಿಡಿ ಸಾಕು. ಅಂಥ ಬ್ಯಾಟರಿಯನ್ನು ಇಡುವ ಪೆಟ್ಟಿಗೆಯಿಂದ ವಾಹನದ ಹೊರಗೆ ಗಾಳಿಕೊಳವೆ ಇರಲೇಬೇಕು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಲ್ಲಿ ಈ ತೊಂದರೆ ಇಲ್ಲ, ಬೆಲೆ ಹೆಚ್ಚು.

ಎಲ್ಲಕ್ಕೂ ಇನ್ವರ್ಟರ್ ಒಂದಿದ್ದರೆ ಮನೆಯ ಚಾರ್ಜರನ್ನೇ ಚುಚ್ಚಬಹುದಲ್ಲ ಎನ್ನುವವರೂ ಇದ್ದಾರೆ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಚಾರ್ಜರಿನಲ್ಲಿ ಅದನ್ನೇ 5ಕ್ಕೋ 9ಕ್ಕೋ ಇಳಿಸುವುದೆಂದರೆ ಗುಡ್ಡ ಹತ್ತಿ ಇಳಿದು ಪಕ್ಕದ ಮನೆಗೆ ಹೋದಂತೆ. ಏನೂ ಚುಚ್ಚದಿದ್ದರೂ ಆನ್ ಇಟ್ಟ ಇನ್ವರ್ಟರ್ 10 ವ್ಯಾಟ್ ತಿನ್ನುತ್ತದೆಂದರೆ ದಿನಕ್ಕೆ 240 ವ್ಯಾಟ್-ಗಂಟೆ, ಅಂದರೆ ಸುಮಾರು ಹತ್ತು ಫೋನುಗಳ ಚಾರ್ಜು, ಸುಮ್ಮನೆ ಹೋಯಿತು! ಜೊತೆಗೆ ಹಾಸಿಗೆಯ ಪಕ್ಕಕ್ಕೆ 230 ವೋಲ್ಟನ್ನು ತಂದಂತೆಯೂ ಆಯಿತು. ಟೈಪ್-ಸಿ ಸಾಕೆಟ್ಟುಗಳು ಈಗ 12 ವೋಲ್ಟಿನಿಂದಲೇ ಲ್ಯಾಪ್‌ಟಾಪಿಗೂ ಸಾಕಾಗುವಷ್ಟು ಕೊಡುತ್ತವೆ. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಟೈಪ್-ಸಿಗೆ ಮಾನದಂಡ ಪ್ರಕಟಿಸಿತು. ಯೂರೋಪಿನಲ್ಲಿ 2024ರ ಕೊನೆಯಿಂದ ಹೊಸ ಫೋನುಗಳಿಗೆ ಅದು ಕಡ್ಡಾಯ. ನಾಲ್ಕು ಬಗೆಯ ಪಿನ್ನುಗಳ ಗೊಡವೆ ಇನ್ನಿಲ್ಲ.

ಚಾವಣಿಯ ಮೇಲೆ ಸೌರಫಲಕ ಇದೆಯಲ್ಲ ಎಂಬ ಭರವಸೆ ಬಯಲುಸೀಮೆಗೆ ಸರಿ. ಜುಲೈ ತಿಂಗಳ ಹೆಗ್ಗದ್ದೆಯ ಕಡೆ ಮೋಡ ಸರಿಯುವುದೇ ಅಪರೂಪ. ಬಿಸಿಲಿದ್ದರೂ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದರೆ ಫಲಕದ ಒಂದು ಮೂಲೆಗೆ ಬಿದ್ದ ನೆರಳು, ಕೋಶಗಳು ಸರಣಿಯಲ್ಲಿರುವುದರಿಂದ, ಇಡೀ ಫಲಕದ ಉತ್ಪತ್ತಿಯನ್ನು ಕುಗ್ಗಿಸುತ್ತದೆ.

ಹಾಗಾದರೆ ರಾತ್ರಿ ಎಂಜಿನ್ನನ್ನೋ ಸಣ್ಣ ಜನರೇಟರನ್ನೋ ಓಡಿಸಿದರೆ? ಈ ಯೋಚನೆಯನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಹಗಲು ಸಂಚರಿಸುವಾಗಲೇ ಬ್ಯಾಟರಿ ತುಂಬಬೇಕು, ರಾತ್ರಿ ಅದರಿಂದಲೇ ಸುಧಾರಿಸಬೇಕು. ಹಾಸಿಗೆಯ ಪಕ್ಕ ಸರಿಯಾದ ಸಾಕೆಟ್ಟು, ಅದಕ್ಕೆ ಸಾಕಾಗುವ ಬ್ಯಾಟರಿ ಇದ್ದರೆ ಫೋನಿಗಾಗಿ ನಡುರಾತ್ರಿ ಎಂಜಿನ್ ಮುಟ್ಟುವ ಪ್ರಸಂಗವೇ ಬಾರದು.

ಹಾಸಿಗೆಯ ಬಳಿ

ಸಾಕೆಟ್ಟನ್ನು ಹಾಸಿಗೆಯ ಮಟ್ಟಕ್ಕಿಂತ ಒಂದು ಮೊಳದಷ್ಟು ಮೇಲೆ, ಪಕ್ಕದ ಗೋಡೆಯಲ್ಲಿ, ಬಾಯಿ ಅಡ್ಡಕ್ಕಿರುವಂತೆ ಕೂರಿಸಬೇಕು. ಬಾಯಿ ಮೇಲಕ್ಕಿದ್ದರೆ ನಾಣ್ಯವೋ ಹೇರ್‌ಪಿನ್ನೋ ಬೀಳುತ್ತದೆ. ಸಿಗರೇಟು ಲೈಟರ್ ಮಾದರಿಯ ಅಗಲ ಸಾಕೆಟ್ಟಿನ ನಡುವಿನ ಬಿಂದು ಧನ, ಸುತ್ತಲಿನ ಲೋಹದ ಬಳೆ ಋಣ. ಎರಡನ್ನೂ ಒಂದು ಪಿನ್ನು ಸೇರಿಸಿಬಿಡಬಲ್ಲದು. ಮುಚ್ಚಳವಿರುವುದನ್ನೇ ಕೊಳ್ಳಬೇಕು. ಕೆಲವರು ಮನೆಯ ಮೂರು ಪಿನ್ನಿನ ಸಾಕೆಟ್ಟನ್ನೇ ವ್ಯಾನಿನ 12 ವೋಲ್ಟಿಗೆ ಬಳಸುತ್ತಾರೆ. ಆ ವ್ಯಾನಿನ ಫ್ಯಾನನ್ನು ಮುಂದೊಂದು ದಿನ ಹುಡುಗರು ಮನೆಯ 230 ವೋಲ್ಟಿಗೆ ಚುಚ್ಚಿದರೆ ಏನಾಗುತ್ತದೆಂದು ಬೇರೆ ಹೇಳಬೇಕೆ?

ತಂತಿ ತಗಡನ್ನು ದಾಟುವ ಪ್ರತಿಯೊಂದು ತೂತಿಗೂ ರಬ್ಬರ್ ಬುಷ್ ಇರಲಿ. ಗಂಟುಗಳನ್ನು ಕೈಯಲ್ಲಿ ತಿರುಚಿ ಟೇಪು ಸುತ್ತುವುದು ಮಲೆನಾಡಿನಲ್ಲಿ ಒಂದು ಮಳೆಗಾಲವೂ ಬಾಳದು. ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದಲ್ಲಿ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಲ್ಲಿ ಬಿಸಿ. ಸಡಿಲ ಗಂಟಿನ ಈ ಬಿಸಿಯನ್ನು ಫ್ಯೂಸು ಕಂಡುಹಿಡಿಯಲಾರದು ಎಂಬುದನ್ನು ಮರೆಯಬಾರದು. ಅಲ್ಲಿ ಪ್ರವಾಹ ಹೆಚ್ಚಿರುವುದಿಲ್ಲ, ಶಾಖ ಮಾತ್ರ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಆದ್ದರಿಂದ ಗಂಟುಗಳು ಆದಷ್ಟು ಕಡಿಮೆಯಿರಬೇಕು, ಇದ್ದವನ್ನು ಇಕ್ಕಳದಿಂದ ಒತ್ತಿ ಕೂರಿಸಬೇಕು, ಹಲಗೆ ತೆಗೆದು ನೋಡಲು ಬರುವಂತಿರಬೇಕು.

ಚಾರ್ಜಾಗುವ ಫೋನು ದಿಂಬಿನ ಅಡಿಯಲ್ಲಿರಕೂಡದು. ಚಾರ್ಜಾಗುವಾಗ ಲಿಥಿಯಂ ಕೋಶ ಬೆಚ್ಚಗಾಗುವುದು ಸಹಜ. ಹತ್ತಿ, ಫೋಮು ಆ ಶಾಖವನ್ನು ಹೊರಗೆ ಬಿಡವು. ಸಾಕೆಟ್ಟಿನ ಪಕ್ಕದಲ್ಲೇ ಗಾಳಿಯಾಡುವ ಒಂದು ಸಣ್ಣ ಗೂಡು ಮಾಡಿಸಿ ಫೋನನ್ನು ಅದರಲ್ಲಿಡುವುದು ಲೇಸು. ಮಗನ ಹಾಸಿಗೆಗಿಂತ ಅಮ್ಮನ ಹಾಸಿಗೆಯ ಕಡೆ ಆ ಗೂಡಿದ್ದರೆ ಹುಡುಗನಿಗೆ ನಿದ್ದೆಯೂ ಬೇಗ ಬರುತ್ತದೆ! ಇಡೀ ಸಾಲಿಗೆ ಒಂದು ಸ್ವಿಚ್ಚು ಹಾಕಿ ಹೊರಡುವಾಗ ಆರಿಸಬೇಕು; ಸಾಕೆಟ್ಟುಗಳ ನೀಲಿ ದೀಪಗಳು ತಿಂಗಳುಗಟ್ಟಲೆ ನಿಂತ ಬಂಡಿಯ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತವೆ.

ತೋಟದ ಮನೆಯಿಂದ ಎಕ್ಸ್‌ಟೆನ್ಷನ್ ಎಳೆದು ವ್ಯಾನಿಗೆ 230 ವೋಲ್ಟ್ ಕೊಡುವುದಿದ್ದರೆ ಅರ್ತ್ ಸರಿಯಿರುವ, 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಇರುವ ಬಿಂದುವಿನಿಂದಲೇ ಆಗಬೇಕು. ಕಾಫಿ ಹೂಮಳೆಯ ತಿಂಗಳುಗಳಲ್ಲಿ ಗುಡುಗು ಕೇಳಿದೊಡನೆ ಆ ವೈರನ್ನು ಕಿತ್ತು ಹೊರಗಿಡಬೇಕು. ಮುಚ್ಚಿದ ಲೋಹದ ಮೈಯ ವಾಹನ ಸಿಡಿಲಿನ ಪ್ರವಾಹವನ್ನು ತನ್ನ ಹೊರಮೈಯಲ್ಲೇ ಹಾಯಿಸಿ ಒಳಗಿನವರನ್ನು ಉಳಿಸುತ್ತದೆ; ಹೊರಗಿನಿಂದ ಒಳಗೆ ಬಂದ ತಂತಿ ಆ ಕೋಟೆಗೆ ಕಿಂಡಿ ಕೊರೆದಂತೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವಿದೆ. ಹಾಸಿಗೆ, ಒಲೆ ಕೂರಿಸಿ ವ್ಯಾನಿನ ರೂಪವನ್ನೇ ಬದಲಿಸುವವರು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿಯೇ ಕೆಲಸಕ್ಕೆ ಕೈಹಾಕಬೇಕು. ತಂತಿಯಿಂದ ಬೆಂಕಿ ಹತ್ತಿದರೆ ವಿಮೆಯವರು ಮೊದಲು ಕೇಳುವುದು ಇದನ್ನೇ.

ಕೆಲಸ ಮುಗಿದ ದಿನವೇ ಪ್ರಯಾಣ ಹೊರಡಬೇಕಾಗಿಲ್ಲ. ಮನೆಯ ಮುಂದೆ ನಿಲ್ಲಿಸಿ, ಲ್ಯಾಪ್‌ಟಾಪು, ಫೋನುಗಳೆಲ್ಲವನ್ನೂ ಒಟ್ಟಿಗೆ ಚುಚ್ಚಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಫ್ಯೂಸಿನ ಮನೆ, ಪ್ರತಿಯೊಂದು ಗಂಟು, ಸಾಕೆಟ್ಟಿನ ಹಿಂಭಾಗವನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳಿಡಲಾಗದಷ್ಟು ಬಿಸಿಯಿದ್ದರೆ ಆ ಗಂಟನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ತುದಿಯಲ್ಲಿ ಒಮ್ಮೆ, ಸಾಕೆಟ್ಟಿನ ಹಿಂದಿನ ತಂತಿಯ ತುದಿಗಳಲ್ಲಿ ಒಮ್ಮೆ ವೋಲ್ಟೇಜ್ ಅಳೆದು ಕಳೆಯಬೇಕು. ವ್ಯತ್ಯಾಸ ಅರ್ಧ ವೋಲ್ಟಿನೊಳಗಿರಬೇಕು. ಎಸ್ಸೆಸ್ಸೆಲ್ಸಿಯ ಮಗಳ ಕೈಗೆ ಮೀಟರನ್ನು, ಮಗನ ಕೈಗೆ ಪೆನ್ನು ಕಾಗದವನ್ನು ಕೊಟ್ಟರೆ ಹತ್ತು ನಿಮಿಷದ ಕೆಲಸ.